ಕಾಖಂಡಕಿಯ ಬಿ.ಎ. ಅಳಿಯ

ನನ್ನನ್ನು ಬಿ.ಎ. ಪಾಸಾದವನಿಗೆ ಕೊಟ್ಟಿದ್ದಾರೆಂದು ಕಾಖಂಡಕಿಯ ಜನ ಏಳು ವರ್ಷ ನಂಬಿದ್ದರು. ನನ್ನ ಅಪ್ಪ ಬಸಗೊಂಡಪ್ಪ ಎಲ್ಲರಿಗಿಂತ ಹೆಚ್ಚು ನಂಬಿದ್ದ. ನಂಬದವರು ಮೂರೇ ಜನ: ನನ್ನ ಗಂಡ, ನನ್ನ ಮಾವ, ನಾನು. ಇದರಲ್ಲಿ ನಗುವಂಥದ್ದೇನೂ ಇಲ್ಲ. ನಗುವವರು ಪೂರ್ತಿ ಕೇಳಿ ಆಮೇಲೆ ನಗಲಿ.

ನಮ್ಮವರು, ಅಂದರೆ ನನ್ನ ಗಂಡ ಗುರಲಿಂಗಪ್ಪ, ದನದ ಡಾಕ್ಟರರು. ಮ್ಯಾಟ್ರಿಕ್ ಮುಗಿಸಿ ಮುಂಬಯಿಗೆ ಹೋಗಿ, ಮೂರು ವರ್ಷ ದನದ ಡಾಕ್ಟರಕಿ ಕಲಿತು, ಅದರಲ್ಲೇ ಪದವಿ ಪಡೆದು, ಸರಕಾರಿ ನೌಕರಿ ಹಿಡಿದು ಟಿಕೋಟಾದ ದನದ ದವಾಖಾನೆಗೆ ಬಂದವರು. ಬಿ.ಎ. ಅಲ್ಲ, ಬಿ.ಎಸ್ಸಿ. ಅಲ್ಲ. ಆ ಕಾಲಕ್ಕೆ ಅವರ ಪದವಿಗೆ ವಿಶ್ವವಿದ್ಯಾಲಯದ ಮುದ್ರೆ ಇರಲಿಲ್ಲ, ಕಾಲೇಜಿನದಷ್ಟೇ ಇತ್ತು. ಅದಕ್ಕೆ ಕಸಬಿನ ಪದವಿ ಎನ್ನುತ್ತಿದ್ದರು. ಕಸಬು ಕೈಗೆ ಬಂತಲ್ಲ, ಇನ್ನೇನು ಬೇಕು ಎಂದು ನೀವು ಕೇಳಬಹುದು. ನಾನೂ ಒಮ್ಮೆ ಕೇಳಿದ್ದೆ. ಕೇಳಿದ ತಪ್ಪಿಗೆ ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದರು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನನ್ನ ಮಾವ ಶಂಕ್ರೆಪ್ಪ ಒಂದೇ ಹೇಳಿದರು, ಅದೂ ಸುಳ್ಳೆಂದು ಗೊತ್ತಿಲ್ಲದೆ. ಬಬಲೇಶ್ವರದಲ್ಲಿ ಅವರದು ಕಿರಾಣಿ ಅಂಗಡಿ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಆದ ಮೇಲೆ ಮ್ಯಾಟ್ರಿಕ್, ಮ್ಯಾಟ್ರಿಕ್ ಆದ ಮೇಲೆ ಮುಂಬಯಿಗೋ ಧಾರವಾಡಕ್ಕೋ ಹೋಗಿ ಕೋಟು ಹಾಕಿಕೊಂಡು ಬಂದರೆ ಬಿ.ಎ. ಇಷ್ಟೇ ಅವರಿಗೆ ಗೊತ್ತಿದ್ದ ಲೆಕ್ಕ. ಮುಂಬಯಿಯಲ್ಲಿ ಕಲಿತದ್ದೆಲ್ಲ ಬಿ.ಎ.ನೇ ಎಂದು ಆ ಮನುಷ್ಯ ಮನಸಾರೆ ತಿಳಿದಿದ್ದರು. ಕಾಖಂಡಕಿಯಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ನಿಶ್ಚಯದ ದಿನ ಮಠದ ಸ್ವಾಮಿಗಳು, ಎರಡೂ ಊರಿನ ಹಿರಿಯರು ಕೂತಿದ್ದಾಗ ನನ್ನಪ್ಪ ಕೇಳಿದ, "ಹುಡುಗ ಎಷ್ಟ ಕಲತಾನ್ರಿ?"

"ಬಿ.ಎ. ಆಗ್ಯಾನ್ರಿ, ಮುಂಬೈಯಾಗ" ಎಂದರು ಮಾವ.

ಅಷ್ಟೇ. ವೀಳ್ಯ ಕೈ ಬದಲಾಯಿತು. ನಾನು ಒಳಗೆ ಬಾಗಿಲ ಸಂದಿಯಿಂದ ಕೇಳಿ ಹಿಗ್ಗಿದೆ. ಕಾಖಂಡಕಿಯಲ್ಲಿ ಆಗ ಒಬ್ಬನೂ ಬಿ.ಎ. ಆದವನಿರಲಿಲ್ಲ. ಬಬಲೇಶ್ವರದಲ್ಲೂ ಇದ್ದಂತೆ ಕಾಣೆ.

ಹುಡುಗನನ್ನು ನಿಶ್ಚಯಕ್ಕೆ ಕರೆಯುವ ಪದ್ಧತಿ ಆಗ ಇರಲಿಲ್ಲ. ನಮ್ಮವರಿಗೆ ಈ ಮಾತು ಗೊತ್ತಾದದ್ದು ಆಮೇಲೆ. ಗೊತ್ತಾದ ಕೂಡಲೇ ತಂದೆಯ ಹತ್ತಿರ ಜಗಳ ತೆಗೆದರಂತೆ, ನಾನು ಬಿ.ಎ. ಅಲ್ಲ, ಹೋಗಿ ಹೇಳಿ ಬಾ ಎಂದು. ಮಾವ ಏನೆಂದರು ಗೊತ್ತೇ? "ವೀಳ್ಯ ಹಂಚಿ ಆಗೇತಿ. ಸ್ವಾಮಿಗಳ ಮುಂದ ಆಡಿದ ಮಾತು. ಈಗ ಅಲ್ಲ ಅಂದ್ರ ಹೆಣ್ಣಿನ ಹೆಸರೂ ಕೆಡತೈತಿ, ನಮ್ಮ ಹೆಸರೂ ಕೆಡತೈತಿ. ನೀ ಏನ ಬಿ.ಎ. ಆದವ್ರಿಗಿಂತ ಕಡಿಮಿ ಕಲತೀ? ಸುಮ್ನ ಇರು." ತಪ್ಪು ತಿಳಿವಳಿಕೆ ಸುಳ್ಳಾದದ್ದು ಅವತ್ತು. ಅವತ್ತೇ ಸರಿಮಾಡಿದ್ದರೆ ಒಂದು ನಿಶ್ಚಯ ಮುರಿಯುತ್ತಿತ್ತು, ಅಷ್ಟೇ.

ಮದುವೆಯಾಗಿ ನಾನು ಟಿಕೋಟಾಕ್ಕೆ ಬಂದ ಮೊದಲ ವರ್ಷವೇ ನಮ್ಮವರು ತಾವಾಗಿ ಹೇಳಿದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟನ್ನು ಪರಾತದಲ್ಲೇ ಬಿಟ್ಟು ಎದ್ದು ನಿಂತೆ. "ನಿಮ್ಮಪ್ಪ ನಮ್ಮಪ್ಪನ ಕಣ್ಣಾಗ ಮಣ್ಣ ಹಾಕ್ಯಾರ. ನೀವೂ ಕೈಗೂಡಿಸೀರಿ!" ಎಂದು ಓಣಿಗೆ ಕೇಳುವ ಹಾಗೆ ಕೂಗಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. "ನಾಳೇನ ಹೋಗಿ ಮಾವಾರಿಗೆ ಹೇಳತೀನಿ" ಎಂದರು. ಹೇಳುವವರೇ. ಅಂಥ ಹಟದ ಮನುಷ್ಯ. ಆಗ ಅಡ್ಡ ಬಂದವಳು ನಾನು. ಹೇಳಿದರೆ ಅಪ್ಪ ಗಾಡಿ ಕಟ್ಟಿಕೊಂಡು ಬಂದು ನನ್ನನ್ನು ಕರೆದೊಯ್ಯುತ್ತಿದ್ದ, ಅದರಲ್ಲಿ ಎರಡು ಮಾತಿಲ್ಲ. ಅಷ್ಟರಲ್ಲಿ ಬಿ.ಎ. ಇಲ್ಲದ ಈ ಮನುಷ್ಯನ ಮೇಲೆ ನನ್ನ ಮನಸ್ಸು ಕೂತಿತ್ತು. ಮದುವೆಯಾದ ಹೆಂಗಸು ಗಂಡನನ್ನು ಮೆಚ್ಚಿದರೆ ಅದನ್ನು ತಪ್ಪೆನ್ನುತ್ತೀರಾ? ಅನ್ನಿ ಬೇಕಾದರೆ. ನಾನು ಒಪ್ಪುವುದಿಲ್ಲ.

ಅತ್ತ ಕಾಖಂಡಕಿಯಲ್ಲಿ ಅಪ್ಪನ ಸಡಗರ ನೋಡಬೇಕಿತ್ತು. ಯಾರ ಮನೆಗೆ ಇಂಗ್ಲಿಷಿನ ಕಾಗದ ಬಂದರೂ "ತಾ ಇಲ್ಲಿ, ನಮ್ಮ ಅಳಿಯಾ ಬಿ.ಎ. ಅದಾರ, ಓದಿಸಿಕೊಂಡ ಬರತೀನಿ" ಎಂದು ರುಮಾಲಿನಲ್ಲಿ ಸಿಕ್ಕಿಸಿಕೊಂಡು ಟಿಕೋಟಾಕ್ಕೆ ಬರುತ್ತಿದ್ದ. ಹೊಲದ ಒಡ್ಡಿನ ಜಗಳವಿರಲಿ, ಅಣ್ಣತಮ್ಮರ ಪಾಲಿರಲಿ, ಪಂಚರು ಕೂತಾಗ ಅಪ್ಪನ ಮಾತಿಗೆ ತೂಕ ಬಂದದ್ದು ಆ ಎರಡು ಅಕ್ಷರಗಳಿಂದ. ಕಡಿಮೆ ಕಲಿತ ಹುಡುಗರ ನೆಂಟಸ್ತಿಕೆ ನನ್ನ ತಂಗಿಗೆ ಬಂದರೆ "ನಮ್ಮ ಮನೆತಾನ ಬಿ.ಎ. ಮನೆತಾನ್ರಿ" ಎಂದು ತಿರುಗಿಸಿ ಕಳಿಸುತ್ತಿದ್ದ. ನಮ್ಮವರು ಊರಿಗೆ ಹೋದರೆ ಕಟ್ಟೆಯ ಮೇಲೆ ಕೂತವರೆಲ್ಲ ಎದ್ದು ನಿಲ್ಲುತ್ತಿದ್ದರು. ಇವರಿಗೆ ಅನ್ನ ಇಳಿಯುತ್ತಿರಲಿಲ್ಲ. ಒಂದು ರೊಟ್ಟಿ ತಿಂದು ಕೈ ತೊಳೆಯುತ್ತಿದ್ದರು. ಬಿ.ಎ. ಆದವರು ಹೀಗೇ ಸ್ವಲ್ಪ ತಿನ್ನುತ್ತಾರೆ ಎಂದು ಅಪ್ಪ ಅದಕ್ಕೂ ಒಂದು ಹಿಗ್ಗು ಪಡುತ್ತಿದ್ದ.

ಯುದ್ಧದ ಕಾಲದಲ್ಲಿ ನಮ್ಮವರ ಮೇಲೆ ಒಬ್ಬ ಹೊಸ ಸಾಹೇಬ ಬಂದ. ಮೀಸೆ ಇನ್ನೂ ಸರಿಯಾಗಿ ಮೂಡದ ಹುಡುಗ. ಬಿ.ಎಸ್ಸಿ. ಆಗಿತ್ತಂತೆ, ಅದೂ ಗಿಡಗಂಟಿಯ ಶಾಸ್ತ್ರದಲ್ಲಿ. ಎಮ್ಮೆಯ ಬಾಯಿ ಬಿಡಿಸಲು ಬಾರದವನು. ಆದರೂ ವಿಶ್ವವಿದ್ಯಾಲಯದ ಮೊದಲ ಪದವಿ ಇದ್ದವನಾದ್ದರಿಂದ ಅವನಿಗೆ ಕುರ್ಚಿ, ಇವರಿಗೆ ನಿಲ್ಲುವ ಜಾಗ. ವಿಜಾಪುರದಲ್ಲಿ ಸಭೆ ಇದ್ದಾಗಲೆಲ್ಲ ಗೋಡೆಗೆ ಬೆನ್ನು ಹಚ್ಚಿ ನಿಂತು ಬರುತ್ತಿದ್ದರು. ಮನೆಗೆ ಬಂದು ಹೇಳುತ್ತಿರಲಿಲ್ಲ. ದವಾಖಾನೆಯ ಸಿಪಾಯಿ ಕಾಸಿಮಸಾಬ ಜೊತೆಗೆ ಹೋಗುತ್ತಿದ್ದ, ಅವನು ಹೇಳುತ್ತಿದ್ದ.

ಎಂ.ಎಸ್ಸಿ. ಮಾಡಬೇಕೆಂಬುದು ಅವರ ತಲೆಗೆ ಹೊಕ್ಕದ್ದು ಆಗಲೇ. ಬರೀ ಕುರ್ಚಿಗಾಗಿ ಅಲ್ಲ, ಆ ಮಾತೂ ಹೇಳಿಬಿಡುತ್ತೇನೆ. ಮುಂಗಾರಿನ ಮೊದಲ ಮಳೆ ಬಿದ್ದರೆ ಕನಮಡಿ, ಕಳ್ಳಕವಟಗಿ ಕಡೆಯ ಎಮ್ಮೆಗಳಿಗೆ ಗಂಟಲು ಬೇನೆ ಬರುತ್ತಿತ್ತು. ಮುಂಜಾನೆ ಹಾಲು ಕೊಟ್ಟ ಎಮ್ಮೆ ಗಂಟಲು ಬಾತು ಸಂಜೆಗೆ ಕಾಲು ಚಾಚುತ್ತಿತ್ತು. ಸೂಜಿ ಚುಚ್ಚಿದರೆ ಕೆಲವು ಕೇರಿಯಲ್ಲಿ ಉಳಿಯುತ್ತಿದ್ದವು, ಕೆಲವು ಕೇರಿಯಲ್ಲಿ ಇಲ್ಲ. ಯಾಕೆ ಹೀಗೆ ಎನ್ನುವುದು ಇವರನ್ನು ಕೊರೆಯುತ್ತಿತ್ತು. ಅದನ್ನು ಕುರಿತು ದೊಡ್ಡ ಕಾಲೇಜಿನಲ್ಲಿ ಕೂತು, ಸರಿಯಾದ ಯಂತ್ರಗಳ ಕೆಳಗೆ ನೋಡಿ, ಬರೆಯಬೇಕೆಂಬ ಆಸೆ. ಊಟಕ್ಕೆ ಕೂತರೂ ಅದೇ ಮಾತು. ನನಗೆ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಅವರ ಮುಖದ ಮೇಲಿನ ಕಳೆ ಮಾತ್ರ ಪೂರ್ತಿ ತಿಳಿಯುತ್ತಿತ್ತು.

ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರು. ಅದರ ಹೆಸರು ನಾನು ಹೇಳುವುದಿಲ್ಲ, ಹೇಳಿದರೆ ಬಾಯಿ ಕಹಿಯಾಗುತ್ತದೆ. ಇದ್ದದ್ದನ್ನು ಇದ್ದ ಹಾಗೆ ಬರೆದರು: ನನಗೆ ಮೊದಲ ಪದವಿ ಇಲ್ಲ, ಕಸಬಿನ ಪದವಿ ಇದೆ, ಇಷ್ಟು ವರ್ಷ ಕೆಲಸ ಮಾಡಿದ್ದೇನೆ, ನನ್ನನ್ನು ತೆಗೆದುಕೊಳ್ಳಬೇಕು ಎಂದು. ಉತ್ತರ ಬಂತು. ಮೊದಲ ಪದವಿ ಇಲ್ಲದವರನ್ನು ತೆಗೆದುಕೊಳ್ಳುವ ನಿಯಮವಿಲ್ಲ, ಆದರೂ ನಿಮ್ಮ ಮಾತನ್ನು ಸಮಿತಿಯ ಮುಂದೆ ಇಡುತ್ತೇವೆ, ನಮ್ಮ ಪ್ರೊಫೆಸರರೊಬ್ಬರು ದಸರೆಯ ಸೂಟಿಯಲ್ಲಿ ವಿಜಾಪುರಕ್ಕೆ ಬರುವವರಿದ್ದಾರೆ, ಅವರು ನಿಮ್ಮನ್ನು ಕಂಡು ಮಾತಾಡುತ್ತಾರೆ ಎಂದು ಇತ್ತು.

ಆವತ್ತು ನಮ್ಮವರು ಎರಡು ಸಲ ನೀಡಿಸಿಕೊಂಡು ಊಟ ಮಾಡಿದರು. "ನೀಲಾ, ಬಾಗಿಲಾ ಪೂರಾ ಹಾಕಿಲ್ಲ ನೋಡು" ಎಂದರು. "ಮಾತಾಡಾಕ ಅಂತ ಅಷ್ಟ ದೂರಿಂದ ಮನಿಶಾನ್ನ ಕಳಸ್ತಾರಂದ್ರ ಏನೋ ವಿಚಾರ ಇರಬೇಕು."

"ಇದ್ದ ಇರತೈತಿ" ಎಂದೆ ನಾನು. ಸುಮ್ಮನೆ ಅಲ್ಲ, ನಂಬಿಯೇ ಅಂದೆ.

ಅಪ್ಪನಿಗೆ ಇದು ತಿಳಿಯಬಾರದು ಎಂದು ಇಬ್ಬರೂ ಮಾತಾಡಿಕೊಂಡೆವು. ಬಿ.ಎ. ಆದವನು ಮುಂದೆ ಕಲಿಯಲು ಇಷ್ಟು ಅಂಗಲಾಚುವುದೇಕೆ ಎಂದು ಅವನು ಕೇಳಿದರೆ ಏನು ಹೇಳುವುದು? ಆದರೆ ಕಾಸಿಮಸಾಬನಿಗೆ ಹೇಳಲು ಮರೆತೆವು. ಒಳ್ಳೆಯ ಮನುಷ್ಯ ಅವನು, ನಮ್ಮವರೆಂದರೆ ಪ್ರಾಣ. ಆದರೆ ಬಾಯಲ್ಲಿ ಎಳ್ಳುಕಾಳು ನೆನೆಯುತ್ತಿರಲಿಲ್ಲ. ಬಬಲೇಶ್ವರದ ಸಂತೆಯಲ್ಲಿ ಅಪ್ಪ ಸಿಕ್ಕನಂತೆ. ಇವನು ಹೋಗಿ, "ಗೌಡ್ರ, ನಿಮ್ಮ ಅಳಿಯಾರನ್ನ ವಿಚಾರ ಮಾಡಾಕ ದೊಡ್ಡ ಸಾಹೇಬ್ರ ಬರಾಕತ್ತಾರ್ರಿ. ಪಸಂದ ಆದ್ರ ಮುಂದ ಇನ್ನೂ ದೊಡ್ಡ ಪರೀಕ್ಷಾಕ್ಕ ಕರಕೊಂಡ ಹೋಗ್ತಾರ್ರಿ" ಎಂದುಬಿಟ್ಟ.

ನಮ್ಮ ಕಡೆ ಒಂದು ರೂಢಿಯಿದೆ. ಒಬ್ಬನ ಬಗ್ಗೆ ವಿಚಾರಿಸಲು ಹೊರಗಿನವರು ಬಂದರೆ ಅವನು ತನ್ನ ಬಾಯಿಂದ ತನ್ನನ್ನು ಹೊಗಳಿಕೊಳ್ಳಬಾರದು. ಅವನ ಪರವಾಗಿ ಬೀಗರ ಊರಿನ ಹಿರಿಯರು ಬಂದು ನಿಂತು ಮಾತಾಡಬೇಕು. ಹೆಣ್ಣು ಕೊಡುವಾಗ ಹೀಗೇ, ಜಮೀನು ಗೇಣಿ ಲಾವಣಿಗೆ ಕೊಡುವಾಗಲೂ ಹೀಗೇ, ಜಾಮೀನು ನಿಲ್ಲುವಾಗಲೂ ಹೀಗೇ. ಬೀಗರು ಬರಲಿಲ್ಲವೆಂದರೆ ಆ ಮನುಷ್ಯನಲ್ಲಿ ಏನೋ ಐಬು ಇದೆ ಎಂದೇ ಅರ್ಥ. ಅಳಿಯನನ್ನು ಸಾಹೇಬ ವಿಚಾರಿಸಲು ಬರುತ್ತಾನೆಂದು ಕೇಳಿದ ಮೇಲೆ ನನ್ನಪ್ಪ ಮನೆಯಲ್ಲಿ ಕೂರುವವನೇ?

ಪ್ರೊಫೆಸರರು ಬಂದದ್ದು ದಸರೆಯ ಮರುದಿನ, ಬಿಸಿಲೇರುವ ಹೊತ್ತಿಗೆ. ವಿಜಾಪುರದಿಂದ ಬಾಡಿಗೆ ಮೋಟಾರಿನಲ್ಲಿ, ಆ ಇದ್ದಲಿ ಸುಟ್ಟು ಓಡಿಸುವ ಮೋಟಾರು, ಹೊಗೆ ಉಗುಳುತ್ತ ಬಂದು ದವಾಖಾನೆಯ ಮುಂದೆ ನಿಂತಿತು. ಧಾರವಾಡದ ಕಡೆಯವರಂತೆ, ಚೆನ್ನಾಗಿ ಕನ್ನಡ ಬರುತ್ತಿತ್ತು. ನಯವಾದ ಮಾತು, ಬಿಳಿ ಟೋಪಿ, ಚಿನ್ನದ ಕಟ್ಟಿನ ಚಾಳೀಸು. ನಮ್ಮ ಮನೆ ದವಾಖಾನೆಯ ಹಿಂದೆಯೇ. ನಡುವೆ ಬೇವಿನ ಗಿಡ, ಅದರ ನೆರಳಲ್ಲಿ ಎರಡು ಕುರ್ಚಿ ಹಾಕಿಸಿದ್ದೆ. ಎರಡನೆಯದನ್ನು ಎದುರು ಮನೆಯಿಂದ ಕೇಳಿ ತಂದಿದ್ದೆ, ನಮ್ಮವರೂ ಕೂತು ಮಾತಾಡಲಿ ಎಂದು. ಸಕ್ಕರೆ ರೇಶನ್ನಿನಲ್ಲಿ ಸಿಗುತ್ತಿದ್ದ ಕಾಲ, ಬೆಲ್ಲ ಹಾಕಿ ಹೋಳಿಗೆ ಮಾಡಿದ್ದೆ. ಬದನೆಕಾಯಿ ಎಣ್ಣೆಗಾಯಿ, ಬಿಸಿ ರೊಟ್ಟಿ, ಶೇಂಗಾ ಚಟ್ನಿ.

ಅರ್ಧ ತಾಸು ಇಬ್ಬರೂ ಎಮ್ಮೆಯ ರೋಗದ ಮಾತಾಡಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ನಮ್ಮವರು ಕುರ್ಚಿಯ ಮೇಲೆ ಮುಂದಕ್ಕೆ ಬಾಗಿ, ಕೈ ಆಡಿಸಿ, ನಗುತ್ತ ಮಾತಾಡುತ್ತಿದ್ದರು. ಪ್ರೊಫೆಸರರು ತಲೆದೂಗುತ್ತಿದ್ದರು. "ವಾ! ಇದು ಛಲೋ ಹಿಡದೀರಿ" ಎಂದದ್ದು ನನ್ನ ಕಿವಿಗೇ ಬಿತ್ತು. ಆಯಿತು, ಗೆದ್ದೆವು ಎಂದುಕೊಂಡು ತಾಟು ಹಾಕಲು ಒಳಗೆ ಹೋದೆ.

ಆಗಲೇ ಗಾಡಿಯ ಗೆಜ್ಜೆ ಸದ್ದು ಕೇಳಿತು. ಇಣುಕಿ ನೋಡುತ್ತೇನೆ, ನನ್ನಪ್ಪ! ಹೊಸ ರುಮಾಲು, ಜರಿಯ ಅಂಚಿನ ಧೋತರ, ಹೆಗಲ ಮೇಲೆ ಮಡಿ ಶಲ್ಯ. ಅವನ ಹಿಂದೆ ಕಾಖಂಡಕಿಯ ನಾಲ್ವರು ಹಿರಿಯರು. ಅವರ ಹಿಂದೆ, ಗಾಡಿಯಿಂದ ಇಳಿಯಲೋ ಬೇಡವೋ ಎನ್ನುವ ಹಾಗೆ, ನನ್ನ ಮಾವ ಶಂಕ್ರೆಪ್ಪ. ಬೀಗರಿಲ್ಲದೆ ಹೇಗೆ ಎಂದು ಅಪ್ಪ ಬಬಲೇಶ್ವರದಲ್ಲಿ ಗಾಡಿ ನಿಲ್ಲಿಸಿ ಅವರನ್ನೂ ಹತ್ತಿಸಿಕೊಂಡು ಬಂದಿದ್ದ. ಮಾವನ ಮುಖದಲ್ಲಿ ರಕ್ತವೇ ಇರಲಿಲ್ಲ. ದಾರಿಯುದ್ದಕ್ಕೂ ಬಾಯಿ ಬಿಟ್ಟು ಹೇಳಬಹುದಿತ್ತಲ್ಲ ಆ ಮನುಷ್ಯ! ಹೇಳಲಿಲ್ಲ.

ಅಪ್ಪ ನೇರ ಬೇವಿನ ನೆರಳಿಗೆ ಬಂದು ಪ್ರೊಫೆಸರರಿಗೆ ಕೈ ಮುಗಿದ. "ಶರಣ್ರಿ ಸಾಹೇಬ್ರ. ನಾ ಇವ್ರ ಮಾವ, ಕಾಖಂಡಕಿ ಬಸಗೊಂಡಪ್ಪ. ನಮ್ಮ ಅಳಿಯಾರ ಬಗ್ಗೆ ಏನ ಕೇಳೂದಿದ್ರೂ ನಮ್ಮನ್ನ ಕೇಳ್ರಿ. ಇವ್ರು ನಮ್ಮೂರ ಹಿರ್ಯಾರು, ಮಾತಿಗಿ ನಿಲ್ಲವ್ರು."

ಪ್ರೊಫೆಸರರು ನಕ್ಕರು. "ಕೂಡ್ರಿ ಗೌಡ್ರ. ನಿಮ್ಮ ಅಳಿಯಾ ಶಾಣ್ಯಾ ಅದಾರ."

"ಶಾಣ್ಯಾ ಇದ್ದಾರಂತನ ಮಗಳನ್ನ ಕೊಟ್ಟೇನ್ರಿ. ನಮ್ಮ ಅರವತ್ತು ಕೂರಿಗಿ ಹೊಲಾ ನೋಡಿ ಬಂದ ವರಗೋಳ ಬ್ಯಾರೆ ಇದ್ದವು. ಎಲ್ಲಾ ಬಿಟ್ಟು, ಹುಡುಗ ಬಿ.ಎ. ಆಗ್ಯಾನಂತ ಇವ್ರಿಗೇ ಕೊಟ್ಟೇನಿ. ಈ ನಾಡಿನಾಗ ಇನ್ನೊಬ್ಬ ಬಿ.ಎ. ಅಳಿಯಾನ ತೋರಸ್ರಿ ನೋಡೋಣು!"

ಹಿರಿಯರು ಹೌದೆಂದು ಗೋಣು ಹಾಕಿದರು. ಪ್ರೊಫೆಸರರ ನಗು ಹಾಗೇ ನಿಂತಿತು. ಚಾಳೀಸು ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನಮ್ಮವರ ಕಡೆ ತಿರುಗಿದರು. "ಡಾಕ್ಟರ, ನೀವು ನಮಗ ಬರದದ್ದು ಬ್ಯಾರೆ ಇತ್ತಲ್ಲ?"

ನಮ್ಮವರು ಕುರ್ಚಿಯಿಂದ ಎದ್ದು ನಿಂತಿದ್ದರು. ನನ್ನಪ್ಪ ಬಂದಾಗಲೇ ಎದ್ದವರು, ಹಾಗೇ ನಿಂತಿದ್ದರು. ಅಪ್ಪನನ್ನು ನೋಡಿದರು, ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು.

ಇತ್ತ ದರಿ, ಅತ್ತ ಪುಲಿ. ಅಲ್ಲ ಎಂದರೆ ಊರ ಹಿರಿಯರ ಮುಂದೆ ಅಪ್ಪನ ಮಾನ ಹೋಗುತ್ತದೆ, ನನ್ನ ಸಂಸಾರ ಮುರಿಯುತ್ತದೆ. ಹೌದೆಂದರೆ, ಅಥವಾ ಸುಮ್ಮನಿದ್ದರೂ ಸಾಕು, ಈ ಮನುಷ್ಯ ಊರಿಗೊಂದು ಮಾತು, ವಿಶ್ವವಿದ್ಯಾಲಯಕ್ಕೊಂದು ಮಾತು ಹೇಳುವವನು ಎಂದು ಪ್ರೊಫೆಸರರು ಎದ್ದು ಹೋಗುತ್ತಾರೆ. ಅರ್ಜಿಯಲ್ಲಿ ಪ್ರಾಮಾಣಿಕವಾಗಿ ಬರೆದದ್ದೆಲ್ಲ ನೀರಿಗೆ ಹೋಗುತ್ತದೆ. ಮಾವ ಶಂಕ್ರೆಪ್ಪ ಕೆಮ್ಮುತ್ತ ಗಾಡಿಯ ಎತ್ತುಗಳ ಕಡೆ ನೋಡುತ್ತಿದ್ದರು. ಈ ಗಂಟು ಕಟ್ಟಿದವರು ಅವರು, ಬಿಚ್ಚಬೇಕಾದವರೂ ಅವರೇ. ಎತ್ತಿನ ಕೋಡು ನೋಡುತ್ತ ನಿಂತರು.

"ಯಾಕ ಸುಮ್ನ ನಿಂತೀರಿ ಅಳಿಯಾರ? ಹೇಳ್ರಿ ಸಾಹೇಬ್ರಿಗೆ" ಎಂದ ಅಪ್ಪ, ಇನ್ನೂ ನಗುತ್ತ.

ನನಗೆ ತಡೆಯಲಾಗಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಹೊಸಿಲು ದಾಟಿ ಬಂದೆ. ಹಿರಿಯರ ನಡುವೆ ಹೆಂಗಸು ಬಾಯಿ ಹಾಕಬಾರದು, ಗೊತ್ತು. ಗೊತ್ತಿದ್ದೂ ಹಾಕಿದೆ.

"ಯಪ್ಪಾ, ಅವ್ರು ಬಿ.ಎ. ಅಲ್ಲ. ಯಾವತ್ತೂ ಆಗಿಲ್ಲ. ದನದ ಡಾಕ್ಟರಕಿ ಕಲತಾರ. ಸಾಹೇಬ್ರಿಗೆ ಅವ್ರು ಖರೇನ ಬರದಾರ. ಸುಳ್ಳ ಹೇಳಿದ್ದು ನಿನಗ, ಸಾಹೇಬ್ರಿಗಲ್ಲ."

ಅಪ್ಪ ನನ್ನನ್ನು ನೋಡಿದ. ಆಮೇಲೆ ಬೀಗರನ್ನು ನೋಡಿದ. ಮಾವ, "ಬೀಗರ, ಮುಂಬೈಯಾಗ ಕಲತದ್ದೆಲ್ಲಾ ಬಿ.ಎ.ನ ಅಂತ ತಿಳದಿದ್ದೆ ನಾ. ದೇವರಾಣಿ" ಎಂದರು. ನಾನು ಪ್ರೊಫೆಸರರ ಕಡೆ ತಿರುಗಿದೆ. ಈಗಲಾದರೂ ಆ ಮನುಷ್ಯ ಒಂದು ಮಾತು ಹೇಳಲಿ, ಆಯಿತು, ಇಂಥ ಸತ್ಯವಂತನನ್ನು ತೆಗೆದುಕೊಳ್ಳುತ್ತೇವೆ ಎನ್ನಲಿ ಎಂದು ಅವರ ಬಾಯನ್ನೇ ನೋಡಿದೆ. ತವರಿನ ಮಾನವನ್ನು ಅವರ ಪಾದದ ಬಳಿ ಇಟ್ಟಿದ್ದೆನಲ್ಲ.

ಪ್ರೊಫೆಸರರಿಗೆ ಪೇಚಾಟವಾಯಿತು. "ಛೆ ಛೆ ಬಾಯಾರ, ಇಷ್ಟೆಲ್ಲಾ ಬೇಕಾಗಿರಲಿಲ್ಲ" ಎಂದರು. "ಊಟ ಆದ ಮ್ಯಾಲೆ ಹೇಳಬೇಕಂತ ಮಾಡಿದ್ದೆ. ಸಮಿತಿ ಹೋದ ತಿಂಗಳನ ಕೂತಿತ್ತು. ನಿಯಮಾ ಮೀರಾಕ ಬರೂದಿಲ್ಲಂತ ಠರಾವ ಆಗೇದ. ಕಾಗದದಾಗ ಬರದ್ರ ಕಠೋರ ಅನಸ್ತದ. ಹೆಂಗೂ ನಮ್ಮ ಮನಿ ಮಂದಿಗೆ ಗೋಳಗುಮ್ಮಟ ತೋರಸಾಕ ಬರಾಂವ ಇದ್ದೆ, ಖುದ್ದ ಹೇಳಿ ಬಂದ್ರಾತು ಅಂತ ಈ ಕಡೆ ಬಂದೆ."

ನಮ್ಮವರು ಏನೋ ಕೇಳಿದರು, ನನಗೆ ಕೇಳಿಸಲಿಲ್ಲ. ಪ್ರೊಫೆಸರರ ಉತ್ತರ ಮಾತ್ರ ಕೇಳಿತು. "ಅಲ್ರಿ ಡಾಕ್ಟರ, ಬಿ.ಎ. ಇದ್ರೂ ಇದಕ್ಕ ಉಪಯೋಗ ಇರಲಿಲ್ಲ. ಬಿ.ಎಸ್ಸಿ. ಬೇಕು. ನೀವು ಮನಸ್ಸ ಮಾಡಿದ್ರ ಮದಲಿನಿಂದ, ಇಂಟರದಿಂದ ಚಾಲೂ ಮಾಡಬಹುದು."

ಮೂವತ್ನಾಲ್ಕು ದಾಟಿದವರು ಹದಿನೇಳರ ಹುಡುಗರ ಜೊತೆ ಬೆಂಚಿನ ಮೇಲೆ ಕೂತು ಮೊದಲಿನಿಂದ ಕಲಿಯಬೇಕಂತೆ! ಆ ಬಿ.ಎ.ಗಾಗಿ ನಾವು ಏಳು ವರ್ಷ ಬಾಯಿ ಹೊಲಿದುಕೊಂಡಿದ್ದೆವು. ಅದಕ್ಕಾಗಿ ಅಪ್ಪ ಊರ ತುಂಬ ತಲೆ ಎತ್ತಿ ತಿರುಗಿದ್ದ. ಅದಿದ್ದರೂ ಬಾಗಿಲು ತೆಗೆಯುತ್ತಿರಲಿಲ್ಲ, ಇಲ್ಲದಿದ್ದರೂ ಇಲ್ಲ.

ಇಷ್ಟಾದ ಮೇಲೂ ಪ್ರೊಫೆಸರರು ಊಟಕ್ಕೆ ಕೂತರು. ಬಂದ ಅತಿಥಿಯನ್ನು ಹಸಿದು ಕಳಿಸಲು ಬರುತ್ತದೆಯೇ, ನಾನೇ ನೀಡಿದೆ. ಹೋಳಿಗೆ ಬಹಳ ಹಿಡಿಸಿತು. ಇನ್ನೊಂದು ಹಾಕಿಸಿಕೊಂಡು, ನಮ್ಮವರಿಗೆ ಹೇಳಿದರು: "ನಿಮ್ಮ ಕೆಲಸಾ ಮಾತ್ರ ಕೆಡಬಾರದು. ನಮ್ಮಲ್ಲಿ ಬಿ.ಎಸ್ಸಿ. ಆದ ಹುಡುಗೊಬ್ಬ ಇದೇ ಬ್ಯಾನಿ ಮ್ಯಾಲೆ ಎಂ.ಎಸ್ಸಿ. ಮಾಡಾಕತ್ತಾನ. ನೀವು ನೋಡಿದ್ದೆಲ್ಲಾ ಅವಂಗ ಕಳಿಸಿಕೊಟ್ರ ಭಾಳ ಉಪಕಾರ ಆಗತದ." ನನ್ನ ಕೈಯಲ್ಲಿ ತುಪ್ಪದ ಗಿಂಡಿ ಇತ್ತು. ಅದನ್ನು ಅವರ ತಲೆಯ ಮೇಲೆ ಸುರಿಯದೆ ತಾಟಿನಲ್ಲೇ ಹಾಕಿದ್ದು ನನ್ನ ಜನ್ಮದ ದೊಡ್ಡ ತಾಳ್ಮೆ. ನಮ್ಮವರು "ಆಗ್ಲಿರಿ" ಎಂದರು. ಆಮೇಲೆ ಕಳಿಸಿಯೂ ಕಳಿಸಿದರು. ಯಾಕೆ ಕಳಿಸಿದಿರಿ ಎಂದು ಜಗಳಕ್ಕೆ ನಿಂತರೆ, "ನಾ ಇಟಗೊಂಡ್ರ ಎಮ್ಮಿ ಬದಕ್ತಾವೇನು?" ಎಂದು ಎದ್ದು ಹೋದರು. ಮುಂದೆ ಎಲ್ಲಿಗೂ ಅರ್ಜಿ ಹಾಕಲಿಲ್ಲ.

ಮೋಟಾರು ಹೊಗೆ ಬಿಟ್ಟು ಹೋಯಿತು. ಕಾಖಂಡಕಿಯ ಹಿರಿಯರು ಊಟ ಮಾಡದೆ ಒಬ್ಬೊಬ್ಬರಾಗಿ ಗಾಡಿ ಹತ್ತಿ ಕೂತಿದ್ದರು. ಅಪ್ಪ ಮಾತ್ರ ಬೇವಿನ ಬುಡದಲ್ಲಿ ನಿಂತಿದ್ದ. ನಾನು ಹತ್ತಿರ ಹೋದೆ. ಈಗ ನಡಿ ಊರಿಗೆ ಎನ್ನುತ್ತಾನೆ, ನಾನು ಬರುವುದಿಲ್ಲ ಎನ್ನುತ್ತೇನೆ, ಬೈಯುತ್ತಾನೆ, ಹೊಡೆದರೂ ಹೊಡೆಯುತ್ತಾನೆ ಎಂದು ಗಟ್ಟಿಯಾಗಿ ನಿಂತೆ. ಅವನ ಸಿಟ್ಟು ನನಗೆ ಗೊತ್ತಿತ್ತು, ನನ್ನದೂ ಅವನಿಂದಲೇ ಬಂದದ್ದು.

ಅಪ್ಪ ಮೆಲ್ಲಗೆ ಕೇಳಿದ. "ನಿನಗ ಯಾವಾಗಿಂದ ಗೊತ್ತಿತ್ತು ನೀಲವ್ವ?"

"ಮದಲಿನ ವರ್ಷದಿಂದ."

"ಏಳ ವರ್ಷ ನನ್ನ ಮಾರಿ ನೋಡಿ ನಕ್ಕೊಂತ ಬಂದಿ?"

"ನಕ್ಕಿಲ್ಲ ಯಪ್ಪಾ. ಹೇಳಿದ್ರ ನೀ ನನ್ನ ಕರಕೊಂಡ ಹೋಕ್ಕಿದ್ದಿ. ನನಗ ಇವ್ರ ಬೇಕಾಗಿದ್ರು."

ಅಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಬರಿದಲೆಯ ಅಪ್ಪನನ್ನು ಹೊರಗೆ ನಾಲ್ಕು ಜನರ ಕಣ್ಣಮುಂದೆ ನಾನು ಎಂದೂ ನೋಡಿರಲಿಲ್ಲ. "ಶಂಕ್ರೆಪ್ಪ ಬೀಗ, ಹೊರಗಿನಾಂವ. ಗೊತ್ತಿಲ್ಲದ ಒಂದ ಮಾತ ಆಡಿದ, ಆಮ್ಯಾಲೆ ಅಂಜಿದ. ನಿನ್ನ ಗಂಡ ತಂದಿ ಮಾತ ಮೀರಲಿಲ್ಲ. ನಾ ಅವ್ರಿಬ್ಬರ ಮ್ಯಾಲೆ ಸಿಟ್ಟ ಮಾಡೂದಿಲ್ಲ. ನೀ ನನ್ನ ಹೊಟ್ಟಿ ಮಗಳು. ನನಗಷ್ಟ ಕಿವಿಯಾಗ ಹೇಳಿದ್ರ ನಾ ಊರಾಗ ಬಾಯಿ ಮುಚಗೊಂಡ ಇರತಿದ್ದೆ. ಇಷ್ಟ ಮಂದಿ ಮುಂದ ಹೇಳಾಕ ಧೈರ್ಯಾ ಬಂತು, ನನಗೊಬ್ಬಗ ಹೇಳಾಕ ಬರಲಿಲ್ಲ."

ನನ್ನಂಥ ಬಾಯಿಬಡಕಿಗೆ ಉತ್ತರವಿಲ್ಲದ ಮಾತು ಅದೊಂದೇ.

ಆಮೇಲೆ ಅಪ್ಪ ಟಿಕೋಟಾಕ್ಕೆ ಬರಲಿಲ್ಲ. ಹಬ್ಬಕ್ಕೆ ಕರೆಯಲು ಯಾರೂ ಬರಲಿಲ್ಲ. ಪಂಚರಲ್ಲಿ ಕೂರುವುದನ್ನು ಬಿಟ್ಟನಂತೆ, ತಂಗಿಗೆ ಮೊದಲು ತಿರುಗಿಸಿ ಕಳಿಸಿದ್ದ ಮನೆಗೇ ತಾನಾಗಿ ಹೋಗಿ ಕೇಳಿದನಂತೆ, ಎಲ್ಲ ಅಂತೆಕಂತೆ. ಮುಂದಿನ ಬೇಸಿಗೆಯಲ್ಲಿ ನನಗೆ ತಡೆಯಲಾಗಲಿಲ್ಲ. ಯಾರು ಕರೆಯದಿದ್ದರೇನು, ನನ್ನ ತವರಿಗೆ ನಾನು ಹೋಗುತ್ತೇನೆ ಎಂದು ಹಟ ಹಿಡಿದು ಬಬಲೇಶ್ವರದ ತನಕ ಮೋಟಾರಿನಲ್ಲಿ, ಅಲ್ಲಿಂದ ಗಾಡಿಯಲ್ಲಿ ಕಾಖಂಡಕಿಗೆ ಹೋದೆ. ಕಾಲು ಹಿಡಿದು ಅತ್ತರಾಯಿತು, ನಾಲ್ಕು ಬೈದು ಒಳಗೆ ಕರೆಯುತ್ತಾನೆ ಎಂದುಕೊಂಡಿದ್ದೆ. ಬೈದರೆ ಸಾಕಾಗಿತ್ತು.

ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ಕಂಡವನೇ ಎದ್ದು ನಿಂತ. ನಾನು ಹುಟ್ಟಿದಾಗಿನಿಂದ ನನ್ನನ್ನು ನೋಡಿ ಅಪ್ಪ ಎದ್ದವನಲ್ಲ.

"ಬರ್ರಿ, ಬರ್ರಿ" ಎಂದ. ಒಳಗೆ ಮುಖ ಮಾಡಿ ಅವ್ವನಿಗೆ ಹೇಳಿದ, "ಕಾಳವ್ವ, ಟಿಕೋಟಾದ ಡಾಕ್ಟರ ಮನಿಯವರು ಬಂದಾರ. ಕಂಬಳಿ ಹಾಸು, ಕಾಲಿಗಿ ನೀರ ಕೊಡು."

ಅವ್ವ ತಂಬಿಗೆ ಹಿಡಿದು ಹೊರಗೆ ಬಂದವಳು ನನ್ನನ್ನು ನೋಡಿ ಹಾಗೇ ನಿಂತಳು. ಕಂಬಳಿಯ ಮೇಲೆ ಕೂರಿಸಿದರು. ಬೆಲ್ಲ, ನೀರು ತಂದಿಟ್ಟರು. ಡಾಕ್ಟರ ಆರೋಗ್ಯ ಹೇಗಿದೆ, ಟಿಕೋಟಾದಲ್ಲಿ ಜೋಳ ಹೇಗಿದೆ ಎಂದು ಅಪ್ಪ ನಗುನಗುತ್ತ ಕೇಳಿದ. "ಯಪ್ಪಾ, ನನ್ನ ಬೈಯಿ" ಎಂದೆ ನಾನು. "ಅಯ್ಯ, ಬಂದವ್ರನ್ನ ಯಾರ ಬೈತಾರ್ರಿ" ಎಂದ. ಅಡುಗೆಮನೆಯಲ್ಲಿ ಅವ್ವ ಅಳುವುದು ಕೇಳುತ್ತಿತ್ತು. ನಾನು ಎದ್ದು ಒಳಗೆ ಹೋಗಲು ಹೊರಟರೆ, "ಕೂಡ್ರಿ ಕೂಡ್ರಿ, ನೀವ್ಯಾಕ ತ್ರಾಸ ತಗೋತೀರಿ" ಎಂದು ತಡೆದ. ಉಂಡೆ. ಯಾವ ಊಟ, ಏನು ರುಚಿ, ತಿಳಿಯಲಿಲ್ಲ. ಉಡಿ ತುಂಬಿದರು.

ಗಾಡಿ ಹತ್ತುವಾಗ ಅಪ್ಪ ಊರ ಅಗಸಿ ಬಾಗಿಲ ತನಕ ಬಂದ. ಶಲ್ಯ ಸರಿಮಾಡಿಕೊಂಡು, ಬೀಗರನ್ನು ಕಳಿಸುವ ಹಾಗೆ, ನನಗೆ ಎರಡೂ ಕೈ ಎತ್ತಿ ಮುಗಿದ.